ಚಾಪೆಯ ಮೇಲಿನ ಕಲ್ಲು

ನಮ್ಮೂರ ಶಾಲೆಯಲ್ಲಿ ಮೊದಲ ಅಕ್ಷರ ಬರೆಯುತ್ತಿದ್ದುದು ಮರಳಿನ ಮೇಲೆ. ಮಠದ ಪಡಸಾಲೆಯಲ್ಲಿ ಮರಳು ಹರಡಿ, ಮಾಸ್ತರರು ಮಗುವಿನ ತೋರುಬೆರಳನ್ನು ತಮ್ಮ ಮುಷ್ಟಿಯಲ್ಲಿ ಹಿಡಿದು ತಿದ್ದಿಸುತ್ತಿದ್ದರು. ತಪ್ಪಿದರೆ ಬೆರಳನ್ನು ಇನ್ನಷ್ಟು ಒತ್ತುತ್ತಿದ್ದರು. ಹೊಸದಾಗಿ ಸೇರಿದ ಮಕ್ಕಳ ಬೆರಳ ತುದಿ ವಾರದೊಳಗೆ ಸುಲಿದು ಕೆಂಪಗಾಗುತ್ತಿತ್ತು. ಅದನ್ನು ಯಾರೂ ಶಿಕ್ಷೆ ಎನ್ನುತ್ತಿರಲಿಲ್ಲ, ಕಲಿಸುವ ರೀತಿಯೇ ಅದು. ಶಿಕ್ಷೆಗಳು ಬೇರೆ ಇದ್ದವು.

ನಾನು ಹೇಳುತ್ತಿರುವುದು ನಿಜಾಮನ ಕಾಲದ ಮಾತು. ನಮ್ಮದು ನರೋಣಾದ ಕಡೆಗಿನ ಒಂದು ಹಳ್ಳಿ. ಆಳಂದದ ಸರಕಾರಿ ಶಾಲೆಯಲ್ಲಿ ಕಲಿಸುತ್ತಿದ್ದುದು ಉರ್ದು. ಕನ್ನಡ ಬೇಕೆಂದವರು ಊರವರೇ ಸೇರಿ ಒಬ್ಬ ಮಾಸ್ತರರನ್ನು ಇಟ್ಟುಕೊಳ್ಳಬೇಕಿತ್ತು. ನಮ್ಮವರು ಅಫಜಲಪುರದ ಕಡೆಯಿಂದ ಒಬ್ಬರನ್ನು ಕರೆತಂದಿದ್ದರು. ಸಣಕಲು ಮನುಷ್ಯ, ಹೆಂಡತಿ ತೀರಿಕೊಂಡಿದ್ದಳು. ಮನೆಮನೆಯಿಂದ ಬಂದ ರೊಟ್ಟಿಯಲ್ಲಿ ಮುರಿದು ಮಠದ ಗುಬ್ಬಿಗಳಿಗೆ ಹಾಕಿ ಆಮೇಲೆ ತಾವು ಉಣ್ಣುತ್ತಿದ್ದರು. ಅವರು ಕೆಟ್ಟವರಾಗಿದ್ದರೆ ನನಗೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು.

ತಮ್ಮನನ್ನು ಶಾಲೆಗೆ ಸೇರಿಸಿದ ದಿನ ಅಪ್ಪ ಐದು ಸೇರು ಜೋಳ, ಒಂದು ತೆಂಗಿನಕಾಯಿ ಅವರ ಮುಂದಿಟ್ಟು ಕೈಮುಗಿದ.

"ಮಾಸ್ತರ್ರ, ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದಲ್ಲಿ ಹೊಡೀರಿ. ಯಾಕ ಹೊಡದ್ರಿ ಅಂತ ಕೇಳಾಕ ನಾ ಬರಂಗಿಲ್ಲ."

ಎಲ್ಲ ಅಪ್ಪಂದಿರೂ ಹಾಗೆಯೇ ಹೇಳುತ್ತಿದ್ದರು. ಹಾಗೆ ಹೇಳದಿದ್ದರೆ ಮಗನ ಮೇಲೆ ಆಸೆಯಿಲ್ಲವೆಂದು ಅರ್ಥ. ಆಳಂದದ ಕಚೇರಿಯಲ್ಲಿ ಯಾವ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದೇನೆಂದು ತಿಳಿಯದೆ ಒತ್ತಿ ಬರುತ್ತಿದ್ದವನು ಅಪ್ಪ. ಮಗನಾದರೂ ಓದಲಿ ಎಂಬುದು ಅವನಿಗಿದ್ದ ಒಂದೇ ಹಟ.

ತಮ್ಮನಿಗೆ ಆಗ ಆರು ತುಂಬಿರಬೇಕು. ನನಗೆ ಎಂಟೋ ಒಂಬತ್ತೋ. ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಬಿಟ್ಟು ಬರುವುದು ನನ್ನ ಕೆಲಸ. ಬಿಟ್ಟರೆ ಅಳುತ್ತಿದ್ದ. ಅದಕ್ಕೆ ಮಾಸ್ತರರು ನನ್ನನ್ನೂ ಹೊಸ್ತಿಲ ಹೊರಗೆ ಕೂಡಿಸಿದರು. ನಾನು ಕುಳಿತಲ್ಲೇ ಅಂಗಳದ ಧೂಳಿನಲ್ಲಿ ಬೆರಳಾಡಿಸುತ್ತ ಒಳಗಿನವರು ಕೂಗಿದ್ದನ್ನೆಲ್ಲ ಬರೆಯತೊಡಗಿದೆ. ಮಳೆಗಾಲ ಮುಗಿಯುವುದರೊಳಗೆ ಒಳಗಿನ ಹುಡುಗರಿಗಿಂತ ನನಗೇ ಹೆಚ್ಚು ಬರುತ್ತಿತ್ತು. ತಮ್ಮ ಮಾತ್ರ ಮರಳಿನಲ್ಲಿ ಬರೆದ ಪ್ರತಿ ಅಕ್ಷರಕ್ಕೂ ಎರಡು ಕೋಡು, ಒಂದು ಬಾಲ ಹಚ್ಚಿ ಎತ್ತು ಮಾಡುತ್ತಿದ್ದ. ನೋಡಿದ ಹುಡುಗರು ನಕ್ಕರೆ ಅವನೂ ಬಾಯಿತುಂಬ ನಗುತ್ತಿದ್ದ. ಅವನು ಮಾಡಿದ ದೊಡ್ಡ ಅಪರಾಧ ಅದೇ.

"ಗಂಡಸ ಎತ್ತ ಬಿಡಿಸ್ತಾನ, ಹೆಣ್ಣ ಅಕ್ಷರ ಬಿಡಿಸ್ತಾಳ. ಏನು ಕಾಲ ಬಂತಪ!" ಎಂದು ಮಾಸ್ತರರು ಒಂದು ದಿನ ಎಲ್ಲರೆದುರು ಹೇಳಿದರು. ಮಾಸ್ತರರ ಬಾಯಿಂದ ನನ್ನ ಬಗ್ಗೆ ಬಂದ ಆ ಮಾತನ್ನು ನಾನು ಬೆಲ್ಲದಂತೆ ಎಷ್ಟೋ ದಿನ ಚಪ್ಪರಿಸಿದೆ.

ಬೆರಳ ತುದಿ ಒಡೆದು ರಕ್ತ ಬಂದ ಮೇಲೆ ತಮ್ಮ ಶಾಲೆಗೆ ಹೋಗಲು ಹೆದರತೊಡಗಿದ. ಬೆಳಗಾದರೆ ಎಲ್ಲಾದರೂ ಅಡಗಿ ಕೂಡುತ್ತಿದ್ದ. ಅವನು ಬಾರದ ದಿನ ನಾನೊಬ್ಬಳೇ ಹೋದರೆ ಮಾಸ್ತರರು ತಲೆ ಎತ್ತದೆ ಹೇಳುತ್ತಿದ್ದರು: "ತಮ್ಮ ಇಲ್ಲದ ಅಕ್ಕಗ ಸಾಲಿ ಯಾಕ? ಹೋಗು, ಮನಿ ಕಸ ಹೊಡಿ."

ನಾನು ತಿರುಗಿ ಬರುತ್ತಿದ್ದೆ. ಬರುವಾಗ ಸಿಟ್ಟು ಬರುತ್ತಿದ್ದುದು ಮಾಸ್ತರರ ಮೇಲಲ್ಲ, ತಮ್ಮನ ಮೇಲೆ.

ಶಾಲೆ ತಪ್ಪಿಸಿದವರನ್ನು ಹಿಡಿದು ತರಲು ನಾಲ್ಕು ದೊಡ್ಡ ಹುಡುಗರನ್ನು ಕಳಿಸುವ ರೂಢಿ ಎಲ್ಲ ಊರಲ್ಲೂ ಇತ್ತು. ಇಬ್ಬರು ಕೈ, ಇಬ್ಬರು ಕಾಲು ಹಿಡಿದು, ಮಗುವನ್ನು ಅಂಗಾತ ತೂಗುತ್ತ ಓಣಿಯುದ್ದಕ್ಕೂ ಮೆರವಣಿಗೆ ಮಾಡಿ ತರುತ್ತಿದ್ದರು. ಬಾಗಿಲಲ್ಲಿ ನಿಂತ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಮ್ಮಲ್ಲಿ ಆ ನಾಲ್ವರ ಮುಖಂಡನೆಂದರೆ ಹಿಂದಿನ ಮನೆಯ ಹುಡುಗ. ತಂದೆ ಇರಲಿಲ್ಲ, ತಾಯಿಯ ಜೊತೆ ಕಾಕನ ಮನೆಯಲ್ಲಿದ್ದು ದನ ಕಾಯುತ್ತ ಶಾಲೆಗೂ ಬರುತ್ತಿದ್ದ. ಹನ್ನೆರಡರ ವಯಸ್ಸು, ಎತ್ತರದ ಆಳು, ಬಾಯಿ ಬಹಳ. ತಮ್ಮನನ್ನು ಅವನು ಕರೆಯುತ್ತಿದ್ದುದೇ ಸಾಹೇಬರು ಎಂದು.

ಒಂದು ದಿನ ಮಾಸ್ತರರು, ನಾಳೆ ನಿನ್ನ ಕೈಗೂ ಪಾಟಿ ಬಳಪ ಕೊಡುತ್ತೇನೆ ಎಂದರು. ಧೂಳಿನಲ್ಲಿ ಬರೆದದ್ದು ಗಾಳಿ ಬಂದರೆ ಹೋಗುತ್ತದೆ. ಪಾಟಿಯ ಮೇಲೆ ಬರೆದದ್ದು ಒರೆಸುವ ತನಕ ಇರುತ್ತದೆ. ರಾತ್ರಿಯೆಲ್ಲ ನನಗೆ ಅದೇ ಚಿಂತೆ. ಬೆಳಗ್ಗೆ ಎದ್ದು ನೋಡಿದರೆ ತಮ್ಮ ಇಲ್ಲ. ಹಿತ್ತಲ ಜೋಳದ ಕಣಿಕೆ ಬಣವಿಯಲ್ಲಿ ತೂರಿಕೊಂಡಿದ್ದು ನನಗೆ ಗೊತ್ತಿತ್ತು. ಎಷ್ಟು ಕರೆದರೂ ಹೊರಗೆ ಬರಲಿಲ್ಲ.

ನಾಲ್ವರು ಬಂದರು. "ಸಾಹೇಬರ, ಪಲ್ಲಕ್ಕಿ ತಯಾರದ! ಎಲ್ಲಿ ಬಿಡಾರ ಮಾಡೀರಿ?" ಎಂದು ಕೂಗಿದ ಹಿಂದಿನ ಮನೆಯವನು, ಆಮೇಲೆ ನನ್ನ ಕಡೆ ತಿರುಗಿದ. "ಎಲ್ಲಿ ಅಡಗ್ಯಾನಬೇ ನಿನ್ನ ತಮ್ಮ?"

ನಾನು ಬಾಯಿ ಬಿಡಲಿಲ್ಲ. ಗದ್ದವನ್ನು ಬಣವಿಯ ಕಡೆ ಎತ್ತಿದೆ, ಅಷ್ಟೆ.

ಮಾಸ್ತರರು ಆ ದಿನ ತಮ್ಮನನ್ನು ಕೋದಂಡ ಏರಿಸಿದರು. ತೊಲೆಗೆ ಪುಂಡಿ ನಾರಿನ ಹಗ್ಗ ಕಟ್ಟಿರುತ್ತಿತ್ತು. ಮಗು ಅದನ್ನು ಎರಡೂ ಕೈಯಿಂದ ಹಿಡಿದು ನೆಲಕ್ಕೆ ಕಾಲು ತಾಗದಂತೆ ಜೋತುಬೀಳಬೇಕು. ಕೈ ಸೋತು ಕೆಳಗೆ ಬಿದ್ದರೆ ಮೀನಖಂಡಕ್ಕೆ ಬೆತ್ತ, ಮತ್ತೆ ಹಗ್ಗ. ತಮ್ಮ ಎಷ್ಟು ಸಲ ಬಿದ್ದನೋ ನಾನು ಎಣಿಸಲಿಲ್ಲ. ಜೋತಾಡುತ್ತಿದ್ದಾಗ ಹಗ್ಗ ಹುರಿ ಬಿಚ್ಚಿದಂತೆ ಅವನು ನಿಧಾನವಾಗಿ ತಿರುಗುತ್ತಿದ್ದ. ಒಂದು ಸುತ್ತಿಗೊಮ್ಮೆ ಮುಖ ನನ್ನ ಕಡೆ ಬರುತ್ತಿತ್ತು. ನನ್ನ ತೊಡೆಯ ಮೇಲೆ ಪಾಟಿ ಇತ್ತು. ಮಾಸ್ತರರು ಮಾತು ತಪ್ಪುವವರಲ್ಲ, ಕೊಟ್ಟಿದ್ದರು. ನಾನು ಬರೆದೆ. ಅಕ್ಷರ ಬಹಳ ಚೆಂದ ಬಂದಿತ್ತು.

ಮನೆಗೆ ಬಂದಾಗ ತಮ್ಮನ ಎರಡೂ ಅಂಗೈಯ ತೊಗಲು ಎದ್ದಿತ್ತು. ಅವ್ವ ಅರಿಸಿನ ಎಣ್ಣೆ ಹಚ್ಚಿ ಹಳೆಯ ಸೀರೆಯ ಅಂಚು ಹರಿದು ಸುತ್ತಿದಳು.

"ಕೂಸಿನ ಕೈ ನೋಡ್ರಿ ಹ್ಯಾಂಗ ಮಾಡ್ಯಾರ. ನಾಕು ದಿನ ಮನ್ಯಾಗ ಇರಲಿ" ಎಂದಳು ಅಪ್ಪನಿಗೆ.

"ನಾಕು ದಿನ ಬಿಟ್ಟರ ನಲವತ್ತು ದಿನ ಬಿಡತಾನ. ಆಮ್ಯಾಗ ನನ್ನಂಗ ಹೆಬ್ಬೆಟ್ಟ ಒತ್ತಲಿ, ಆತೇನ?" ಎಂದ ಅಪ್ಪ. ಹಾಗೆಂದು ತಾನೇ ಹೋಗಿ, ಮಗನಿಗೆ ತಿನ್ನಿಸಲೆಂದು ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತಂದ. ಕೈಗೆ ಬಟ್ಟೆ ಕಟ್ಟಿದ್ದರಿಂದ ತಮ್ಮನಿಗೆ ತಿನ್ನಲು ಬರುತ್ತಿರಲಿಲ್ಲ.

ಅಪ್ಪ ಎದ್ದುಹೋದ ಮೇಲೆ ತಮ್ಮ ನನ್ನ ಮಗ್ಗುಲಿಗೆ ಬಂದು ಮೆಲ್ಲಗೆ ಕೇಳಿದ.

"ಯಕ್ಕಾ, ನೀ ಹೇಳಿದೇನ?"

"ಇಲ್ಲಪ."

"ಮತ್ತ ಅವರಿಗಿ ಹ್ಯಾಂಗ ಗೊತ್ತಾತು?"

"ನಿನ್ನ ಕಾಲ ಹೊರಗ ಕಾಣತಿತ್ತು."

ಅವನು ತನ್ನ ಕಾಲನ್ನೇ ಸ್ವಲ್ಪ ಹೊತ್ತು ನೋಡಿದ. "ಮುಂದಿನ ಸಲ ಪೂರಾ ಒಳಗ ತಗೋತೇನಿ" ಎಂದ. ನಂಬಿದ್ದ.

ಅದಾದ ಒಂದೆರಡು ದಿನಕ್ಕೇ ನಮ್ಮ ಹಗೇವು ತೆಗೆದರು. ಹಗೇವು ಎಂದರೆ ಜೋಳ ಕಾಯ್ದಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬ ಆಳು ಇಳಿಯುವಷ್ಟು, ಒಳಗೆ ಗಡಿಗೆಯಂತೆ ಅಗಲ. ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಜೋಳ ಕೆಡುವುದಿಲ್ಲ. ನಮ್ಮದು ಮನೆಯ ಮುಂದಿನ ಬಯಲಲ್ಲೇ ಇತ್ತು. ಸಂಜೆ ಅಪ್ಪ ಮುಚ್ಚಳದ ಕಲ್ಲು ಸರಿಸಿ, ಹಗ್ಗಕ್ಕೆ ಹಣತೆ ಕಟ್ಟಿ ಒಳಗೆ ಇಳಿಸಿದ. ಹಣತೆ ಹಚ್ಚಿಕೊಟ್ಟವಳು ನಾನು. ಜೋಳ ಎದೆಮಟ್ಟಕ್ಕೆ ಇಳಿದಿತ್ತು. ಅದನ್ನು ಮುಟ್ಟುವ ಮೊದಲೇ ದೀಪ ಪಕ್ಕನೆ ಆರಿತು.

"ನಾಳಿ ಮಧ್ಯಾಹ್ನ ತನಕ ಯಾರೂ ಹತ್ಯಾಕ ಸುಳೀಬ್ಯಾಡ್ರಿ. ಒಳಗಿನ ಗಾಳಿ ಹೊರಗ ಹೋಗಲಿ" ಎಂದ ಅಪ್ಪ. ದನಕರು ಬೀಳದಿರಲೆಂದು ಬಾಯಿಗೆ ಈಚಲು ಚಾಪೆ ಹಾಸಿ ಮೂರು ಕಡೆ ಕಲ್ಲು ಹೇರಿದ. ನಾಲ್ಕನೆಯ ಕಡೆ ಗಾಳಿಗೆಂದು ಚಾಪೆ ಮಡಚಿ ತೆರೆದಿಟ್ಟ. ತಮ್ಮ ಆಗ ಒಳಗೆ ಮಲಗಿದ್ದ. ದೀಪ ಆರಿದ್ದನ್ನು ಅವನು ನೋಡಲಿಲ್ಲ, ನಾನು ನೋಡಿದೆ. ದೀಪ ಆರುವಲ್ಲಿ ಉಸಿರೂ ಆರುತ್ತದೆಂದು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹೇಳಿದ್ದರೇನೋ. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲವೇನೋ. ಇಷ್ಟು ವರ್ಷವಾದರೂ ಈ ಒಂದು ಮಾತು ನನಗೆ ಗಟ್ಟಿಯಾಗಿ ನೆನಪಾಗುವುದಿಲ್ಲ. ನೆನಪಾಗದಿರುವುದು ನನಗೆ ಅನುಕೂಲವೆಂದೇ ಇರಬಹುದು.

ಮರುದಿನ ಬೆಳಗ್ಗೆ ಅಪ್ಪ ಜೋಳ ಹೇರಲು ಬಂಡಿ ಕೇಳಲೆಂದು ನರೋಣಾಕ್ಕೆ ಹೋಗಿದ್ದ. ಅವ್ವ ಬಾವಿಗೆ ಬಟ್ಟೆ ಒಗೆಯಲು ಹೋಗಿದ್ದಳು. ನಾನು ಅಂಗಳ ಗುಡಿಸುತ್ತಿದ್ದೆ. ತಲೆ ಎತ್ತಿದಾಗ ತಮ್ಮ ಹಗೇವಿನ ಬಳಿ ಕುಕ್ಕುರುಗಾಲಲ್ಲಿ ಕುಳಿತಿದ್ದ. ಚಾಪೆ ತೆರೆದಿದ್ದ ಕಡೆಯಿಂದ ಕಾಲು ಇಳಿಬಿಟ್ಟು ನನ್ನನ್ನು ನೋಡಿದ. ಬಟ್ಟೆ ಸುತ್ತಿದ ಕೈಯನ್ನು ಬಾಯಿಯ ಮೇಲಿಟ್ಟು, ಹೇಳಬೇಡ ಎಂದು ಸನ್ನೆ ಮಾಡಿದ. ನಾನು ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಅವನು ನಕ್ಕು ಒಳಗೆ ಜಾರಿದ. ಮೊದಲು ಕಾಲು, ಆಮೇಲೆ ತಲೆ.

ಆಗ ನನಗಾದದ್ದು ಸಂತೋಷ. ಅದನ್ನು ಮುಚ್ಚಿಡಲಾರೆ. ಮೂರು ದಿನದಿಂದ ಎದೆಯಲ್ಲಿ ಕೂತಿದ್ದ ಮುಳ್ಳು ಈಗ ಹೊರಬರುತ್ತದೆ ಎನ್ನಿಸಿತು. ಪಾಟಿ ಹೋದರೆ ಹೋಗಲಿ. ಈ ಸಲ ಕತ್ತಿ ಹಿಡಿದರೂ ಹೇಳುವುದಿಲ್ಲ ಎಂದುಕೊಂಡೆ. ಓಣಿಯ ತುದಿಯಲ್ಲಿ ನಾಲ್ವರ ಗದ್ದಲ ಕೇಳಿಸಿತು. ಮಡಚಿದ ಚಾಪೆ ನೋಡಿದರೆ ಯಾರಿಗಾದರೂ ಸಂಶಯ ಬರುತ್ತದೆ. ನಾನು ಓಡಿಹೋಗಿ ಅದನ್ನು ಬಿಡಿಸಿ, ತೆರೆದಿದ್ದ ಕಡೆಯನ್ನು ಮುಚ್ಚಿ, ಎರಡೂ ಕೈಯಿಂದ ಒಂದು ಕಲ್ಲನ್ನು ಎತ್ತಿ ಅಂಚಿನ ಮೇಲೆ ಇಟ್ಟೆ.

ಹುಡುಗರು ಬಂದರು. ಬಣವಿ ಕಿತ್ತರು, ದನದ ಕೊಟ್ಟಿಗೆ ನೋಡಿದರು.

"ಎಲ್ಲದರಿ ಸಾಹೇಬರ ಸವಾರಿ?"

"ಅವ್ವನ ಕೂಡ ಬಾವಿಗಿ ಹೋಗ್ಯಾನ."

ಹಿಂದಿನ ಮನೆಯವನು ನನ್ನನ್ನೂ, ಹಗೇವಿನ ಚಾಪೆಯನ್ನೂ ಒಮ್ಮೆ ನೋಡಿದಂತೆ ನನಗೆ ಅನ್ನಿಸಿತು. "ಚಲ್ರಪ, ಸಾಹೇಬರು ಇವತ್ತು ಜಳಕಕ್ಕ ಹೋಗ್ಯಾರಂತ" ಎಂದು ಉಳಿದವರನ್ನು ಕರೆದುಕೊಂಡು ಹೋದ.

ನಾನು ಮತ್ತೆ ಕಸಬರಿಗೆ ಹಿಡಿದೆ. ಅಂಗಳ ಗುಡಿಸಿದೆ, ನೀರು ಚಿಮುಕಿಸಿದೆ. ಅವರು ಪೂರಾ ದೂರ ಹೋಗಲಿ, ಆಮೇಲೆ ಕರೆದರಾಯಿತು ಎಂದು ಕಾದೆ. ಆಮೇಲೆ ಹೋಗಿ ಚಾಪೆಗೆ ಬಾಯಿ ಹಚ್ಚಿ ಕರೆದೆ. ಓಗೊಡಲಿಲ್ಲ. ಕಾಲು ಪೂರಾ ಒಳಗೆ ತೆಗೆದುಕೊಳ್ಳುತ್ತೇನೆ ಎಂದವನು ದನಿಯನ್ನೂ ಒಳಗೆ ತೆಗೆದುಕೊಂಡಿದ್ದಾನೆ, ಜಾಣ ಎಂದುಕೊಂಡೆ. ನಿದ್ದೆ ಹತ್ತಿರಬೇಕು, ಮಲಗಲಿ ಎಂದುಕೊಂಡೆ.

ಮಧ್ಯಾಹ್ನ ಅಪ್ಪ ಬಂದು ಚಾಪೆ ಸರಿಸಿದ. ಬೋರಲು ಮಲಗಿ, ಉಸಿರು ಬಿಗಿಹಿಡಿದು, ಎರಡೂ ಕೈ ಇಳಿಸಿ ಅಂಗಿ ಹಿಡಿದು ಎಳೆದ. ತಮ್ಮ ಜೋಳದ ಮೇಲೆ ಮಗ್ಗುಲಾಗಿ ಮೊಣಕಾಲು ಮಡಚಿ ಮಲಗಿದ್ದನಂತೆ. ಕೆನ್ನೆಗೆ ಜೋಳದ ಕಾಳು ಅಂಟಿದ್ದವು. ಅವ್ವ ಅವನ್ನು ಒಂದೊಂದಾಗಿ ಬಿಡಿಸುತ್ತ ಕುಳಿತಳು. ಮಣ್ಣಿಗೆ ಒಯ್ಯಲು ಎತ್ತಿಕೊಳ್ಳುವವರೆಗೂ ಬಿಡಿಸುತ್ತಲೇ ಇದ್ದಳು.

ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು: "ನಾ ತೆರೆದಿಟ್ಟ ಕಡಿ ಕಲ್ಲ ಇಟ್ಟವರು ಯಾರು?"

ಒಳಗಿದ್ದವನು ಹೊರಗಿನಿಂದ ಕಲ್ಲು ಇಡಲಾರ. ಬೆಳಗ್ಗೆ ಬಯಲಲ್ಲಿ ಹುಡುಕಾಡಿದ್ದು ನಾಲ್ವರು. ಅವರಲ್ಲಿ ಕುಚೇಷ್ಟೆಗೆ ಹೆಸರಾದವನು ಒಬ್ಬ. ಅಡಗಿದ್ದು ಕಂಡು, ಹೆದರಿಸಲೆಂದು ಮುಚ್ಚಿ ಕಲ್ಲು ಹೇರಿದ್ದಾನೆ ಎಂದು ಯಾರೋ ಅಂದರು. ಯಾರೋ ಅಂದದ್ದು ಸಂಜೆಯೊಳಗೆ ಎಲ್ಲರೂ ಕಂಡದ್ದಾಯಿತು. ಉಳಿದ ಮೂವರು ಹುಡುಗರೂ ತಮ್ಮ ಮೇಲೆ ಬರಬಾರದೆಂದು ಹೌದೆಂದರು. ಅವನ ಕಾಕನೇ ಅವನನ್ನು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. ಅಪ್ಪ ಎತ್ತಿನ ಬಾರಕೋಲು ತೆಗೆದುಕೊಂಡ.

"ನಾ ಅಲ್ಲರಿ! ನಿಮ್ಮ ಕಾಲ ಮುಟ್ಟತೇನಿ, ನಾ ಅಲ್ಲರಿ!"

ಬಾರಕೋಲಿನ ಏಟು ಬಿದ್ದಾಗೆಲ್ಲ ಅವನು ಹಾರುತ್ತಿದ್ದ. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅವನು ಒಮ್ಮೆ ನನ್ನ ಕಡೆ ನೋಡಿದ. ನಾನು ಬಾಯಿ ತೆರೆದಿದ್ದರೆ ಸಾಕಿತ್ತು. ಹೆದರಿಕೆ ಎನ್ನಬಹುದು. ಬರಿ ಹೆದರಿಕೆಯಲ್ಲ. ಅಷ್ಟು ಹೊತ್ತಿಗೆ ಅವ್ವ ನನ್ನನ್ನು ಎದೆಗೊತ್ತಿಕೊಂಡು, "ಇದೊಂದು ಉಳಿದದ ನನಗ" ಎಂದು ಅತ್ತಿದ್ದಳು. ಆ ಎದೆ ನನಗೆ ಬೇಕಾಗಿತ್ತು.

ವಾರದೊಳಗೆ ಆ ಹುಡುಗನನ್ನು ಜೇವರ್ಗಿ ಸೀಮೆಗೆ, ಅವನ ಅಕ್ಕನ ಊರಿಗೆ ಅಟ್ಟಿದರು. ಕಲ್ಲು ಇಟ್ಟವನು ಎಂಬ ಹೆಸರು ಅವನ ಬೆನ್ನಿಗೇ ಹೋಯಿತು.

ಮಾಸ್ತರರು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದರು. "ಹಗ್ಗ ಬಿಚ್ಚಿ ಒಲಿಗಿ ಹಾಕೀನಿ" ಎಂದರು. "ನಿಮ್ಮದೇನು ತಪ್ಪದರಿ, ನಾನ ಹೇಳಿದ್ದೆ ಹೊಡೀರಿ ಅಂತ" ಎಂದ ಅಪ್ಪ. ಕಲ್ಲಿನ ಮಾತು ಎದ್ದದ್ದೇ ಊರಿಗೆ ಹಗ್ಗದ ಮಾತು ಮರೆತುಹೋಯಿತು. ಮಾಸ್ತರರು ಆ ಬೇಸಿಗೆಯೇ ತಮ್ಮೂರಿಗೆ ಹೊರಟುಹೋದರು. ಮರುವರ್ಷ ಬಂದ ಬೇರೆಯವರು ಅದೇ ತೊಲೆಗೆ ಹೊಸ ಹಗ್ಗ ಕಟ್ಟಿದರು, ಅಪ್ಪಂದಿರು ತೆಂಗಿನಕಾಯಿ ಇಟ್ಟು ಅದೇ ಮಾತು ಹೇಳಿದರು. ಆರು ವರ್ಷದ ಕೂಸು ಹಗ್ಗಕ್ಕಿಂತ ಕತ್ತಲು ಲೇಸೆಂದು ನೆಲದೊಳಗೆ ಇಳಿದದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ. ನಾನು ಮತ್ತೆ ಆ ಹೊಸ್ತಿಲಿಗೆ ಹೋಗಲಿಲ್ಲ. ಈಗ ಬರೆಯುವಷ್ಟು ಕಲಿತದ್ದು ಎಷ್ಟೋ ವರ್ಷಗಳ ಮೇಲೆ, ನನ್ನ ಮಕ್ಕಳ ಪುಸ್ತಕ ನೋಡಿ.

ಅವ್ವ ಬಿಟ್ಟುಕೊಡದೆ ತಡವಾಗಿ, ಇಪ್ಪತ್ತರ ಹೊತ್ತಿಗೆ, ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಜೇವರ್ಗಿ ಸೀಮೆಯ ನೆಲೋಗಿಗೆ. ನಾನು ಅಲ್ಲಿಗೆ ಹೋದ ಮೊದಲ ವರ್ಷವೇ ಒಂದು ಸಂಗತಿ ಕಂಡೆ. ಶಾಲೆಯ ಮುಂದಿನ ಬೇವಿನ ಮರದ ಕೆಳಗೆ ಒಬ್ಬ ಗಂಡಸು ಹಗಲೆಲ್ಲ ಕುಳಿತಿರುತ್ತಿದ್ದ, ತೊಡೆಯ ಮೇಲೆ ಪುಂಡಿ ನಾರು ಹೊಸೆಯುತ್ತ. ನೀರಿಗೆ ಹೋಗುವಾಗ ಅತ್ತೆ ನಗುತ್ತ ಹೇಳಿದಳು: "ಮಗನ ಕಾವಲಿ ಕುಂತಾನಬೇ ಅವ. ಸಾಲ್ಯಾಗ ಯಾರರ ಹೊಡದಾರಂತ. ಹಿಂತಾ ಹುಚ್ಚ ನೋಡೀ ಏನ?"

ನೋಡಿದೆ. ಹಿಂದಿನ ಮನೆಯ ಹುಡುಗ. ಅವನೂ ಗುರುತು ಹಿಡಿದ. ಒಂದು ದಿನ ನಾನೊಬ್ಬಳೇ ಇದ್ದಾಗ ಕರೆದ.

"ಆಳಂದ ಕಡಿ ತಂಗಿ ಅಲ್ಲೇನಬೇ ನೀ?"

"ಹೌದ್ರಿ."

ಅವನು ಹೊಸೆಯುವುದನ್ನು ನಿಲ್ಲಿಸಲಿಲ್ಲ. "ನೀ ಕಲ್ಲ ಇಡೋದು ನಾ ನೋಡಿದ್ದೆ. ಓಣಿ ತಿರುವಿನ್ಯಾಗ ಇದ್ದೆ."

ನಾನು ಟೊಂಕದ ಕೊಡವನ್ನು ನೆಲಕ್ಕಿಳಿಸಿದೆ. "ಮತ್ತ ಆವತ್ತ ಯಾಕ ಹೇಳಲಿಲ್ಲ?"

"ಅದಕ್ಕ ಮೂರು ದಿನ ಮೊದಲ ನಿನ್ನ ತಮ್ಮನ್ನ ಬಣವ್ಯಾಗಿಂದ ಎಳದಾಂವ ನಾ. ಹಗ್ಗದಿಂದ ಇಳಿಸಿದಾಂವನೂ ನಾನ. ಆ ಅಂಗೈ ನೋಡಿದ್ದೆ. ಬಾರಕೋಲು ನಿನಗ ಬಿದ್ದಿದ್ರ ನೀ ತಡೀತಿದ್ದಿಲ್ಲ." ಇನ್ನೊಂದು ಎಳೆ ನಾರು ಸೇರಿಸಿಕೊಂಡು ಹೇಳಿದ: "ನಂದು ಬೆನ್ನು ಮಾಯ್ತು. ಆದ್ರ ನಮ್ಮ ಅವ್ವ ಸಾಯೂತನಕ ನಿಮ್ಮೂರಾಗ ತಲಿ ಎತ್ತಲಿಲ್ಲ. ಈಗರ ನಿಮ್ಮಪ್ಪಗ ಒಂದು ಮಾತು ಹೇಳಬೇ. ನನಗ ಮತ್ತೇನೂ ಬ್ಯಾಡ."

ಪಂಚಮಿಗೆ ತವರಿಗೆ ಹೋದಾಗ ಹೇಳುತ್ತೇನೆ ಎಂದೆ.

ಹೋದೆ. ಅಪ್ಪ ಸೊರಗಿದ್ದ. ಹಗೇವನ್ನು ಕಲ್ಲು ಮಣ್ಣಿನಿಂದ ತುಂಬಿಸಿ, ಆ ಜಾಗದಲ್ಲಿ ಹಗ್ಗದ ಹೊರಸು ಹಾಕಿಕೊಂಡು ಅದರ ಮೇಲೆ ಮಲಗುತ್ತಿದ್ದ. ನನ್ನನ್ನು ಕಂಡು, "ಬಂದೇನವ್ವಾ" ಎಂದು ಎದ್ದು ಕುಳಿತ. ಎಷ್ಟು ದಿನ ಇದ್ದೆನೋ ಅಷ್ಟು ದಿನವೂ ಅವನ ಹತ್ತಿರ ಹೋಗಿ ಕುಳಿತೆ, ಎದ್ದು ಬಂದೆ. ಹೊರಡುವ ದಿನ ಅವನು ಬಂಡಿಯವರೆಗೆ ಬಂದು ನನ್ನ ತಲೆ ಮುಟ್ಟಿದ. ಆಗಲೂ ಹೇಳಲಿಲ್ಲ.

ನೆಲೋಗಿಯಲ್ಲಿ ಬೇವಿನ ಕೆಳಗಿನವನು ನನ್ನನ್ನು ಕಂಡು ಎದ್ದು ನಿಂತ.

"ಹೇಳಿದೇನಬೇ?"

"ಹೇಳಿದೆರಿ."

"ಏನಂದ್ರು?"

"ಅತ್ತರು."

ಅವನು ತಲೆಯ ಮೇಲಿನ ರುಮಾಲು ತೆಗೆದು ಮುಖ ಒರೆಸಿಕೊಂಡ. "ಹಂಗಾದ್ರ ಒಮ್ಮೆ ಹೋಗಿ ಕಾಲ ಮುಟ್ಟಿ ಬರ್ತೇನಿ. ನನ್ನ ಮಗನ್ನೂ ತೋರಸ್ತೇನಿ" ಎಂದ. ಅಷ್ಟು ದೊಡ್ಡವನಾದರೂ ಆ ಹೊತ್ತು ಅವನ ಮುಖ ಪಲ್ಲಕ್ಕಿ ಕೂಗುತ್ತಿದ್ದ ಹುಡುಗನದೇ ಆಗಿತ್ತು. ಹೋಗಬೇಡಿ ಎನ್ನಲು ನನಗೆ ಒಂದೇ ಒಂದು ದಾರಿಯಿತ್ತು. ಆ ದಾರಿ ಹಿಡಿಯಲಿಲ್ಲ.

ಅವನು ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೋದ. ಮುಂದಿನದನ್ನು ಅವ್ವ ಹೇಳಿದ್ದು ಸುಗ್ಗಿಯ ಮೇಲೆ, ನಮ್ಮ ಮನೆಗೆ ಬಂದಾಗ.

"ಆ ಕಲ್ಲ ಇಟ್ಟಾಂವ ಬಂದಿದ್ದ ಬೇ. ಕೂಸಿನ್ನ ಕರಕೊಂಡು ಬಂದು, ನಿಮ್ಮಪ್ಪನ ಕಾಲ ಹಿಡೀಲಾಕ ಹ್ವಾದ. ನಿಮ್ಮಪ್ಪ ಹೊಡೀಲಿಲ್ಲ, ಬೈಲಿಲ್ಲ. ಕಾಲ ಜಾಡಿಸಿ ಒಳಗ ಹೋಗಿ ಬಾಗಲ ಹಾಕ್ಕೊಂಡ. ಅಂವ ಬಿಸಲಾಗ ಹೊತ್ತು ಇಳಿಯೂತನಕ ನಿಂತಿದ್ದ. ಕೂಸು ನೀರ ಅಂತಿತ್ತು, ನಾನೂ ಕೊಡಲಿಲ್ಲ." ಅವ್ವ ನನ್ನ ಮುಖ ನೋಡಿದಳು. "ಇಷ್ಟು ವರ್ಷ ಆದ ಮ್ಯಾಲ ಯಾಕ ಬಂದಿದ್ದ ಅಂತೀ?"

"ಯಾರಿಗಿ ಗೊತ್ತವ್ವ" ಎಂದೆ.

ಅಪ್ಪ ಆ ಮಳೆಗಾಲ ಕಾಣಲಿಲ್ಲ. ಅವ್ವನೂ ಹೋಗಿ ಬಹಳ ದಿನವಾಯಿತು. ಬೇವಿನ ಕೆಳಗಿನವನು ತನ್ನ ಮಗ ಶಾಲೆ ಮುಗಿಸುವವರೆಗೂ ಅಲ್ಲೇ ಕುಳಿತ. ಅವನು ಊರಿಗೆ ಹೋಗಿ ಬಂದ ಮೇಲೆ ನನ್ನನ್ನು ಏನೂ ಕೇಳಲಿಲ್ಲ. ನಾನು ಕೊಡ ಹೊತ್ತು ಬರುವುದು ಕಂಡರೆ ಚಾಚಿದ ಕಾಲನ್ನು ಮಡಚಿ ಒಳಗೆ ತೆಗೆದುಕೊಂಡು, ತಲೆ ಬಗ್ಗಿಸಿ ನಾರು ಹೊಸೆಯುತ್ತ ದಾರಿ ಬಿಡುತ್ತಿದ್ದ.